ಹದಿಹರೆಯದವರಿಗೆ ಡಿಸ್ಟೋಪಿಯನ್ ಸಾಹಸ ಕಾದಂಬರಿ ಬರೆಯುವುದು ಹೇಗೆ? ಕೋಲಾರದ ನೀರಿನಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

13ರಿಂದ 17 ವಯಸ್ಸಿನವರಿಗೆ ಕನ್ನಡದಲ್ಲಿ ಏನು ಓದಲು ಕೊಡೋಣ ಅಂತ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಚಿಕ್ಕ ಮಕ್ಕಳ ಕಥೆಗಳಿವೆ. ದೊಡ್ಡವರ ಕಾದಂಬರಿಗಳು ಬೇಕಾದಷ್ಟಿವೆ. ನಡುವಿನ ಈ ವಯಸ್ಸಿನವರು ತಮಗೆ ಇಷ್ಟವಾದದ್ದನ್ನು ಇಂಗ್ಲಿಷಿನಲ್ಲಿ ಹುಡುಕಿಕೊಳ್ಳುತ್ತಾರೆ. ಹಾಗೆ ಅವರು ಮುಗಿಬಿದ್ದು ಓದುವುದರಲ್ಲಿ ಡಿಸ್ಟೋಪಿಯನ್ ಸಾಹಸ ಕಥೆಯೂ ಒಂದು. ಮುಂದೆ ಬರಬಹುದಾದ ಒಂದು ಕೆಟ್ಟ ಕಾಲ. ಜನರನ್ನು ಹಿಂಡುವ ಆಡಳಿತ. ಅದರ ನಡುವೆ ಜೀವ ಉಳಿಸಿಕೊಳ್ಳಲು ಹೊರಟ ಹುಡುಗ ಹುಡುಗಿಯರು. ಇದನ್ನು ನಮ್ಮ ಊರಿನಲ್ಲೇ ಇಟ್ಟು, ನಮ್ಮ ಮಾತಿನಲ್ಲೇ ಬರೆಯಬಹುದು. ಬರೆಯಲೇಬೇಕು ಅಂತ ನಾನು ನಂಬುತ್ತೇನೆ.

ಇಂಥ ಕಾದಂಬರಿಗೆ ಎರಡು ವಿಷಯ ಗಟ್ಟಿಯಾಗಿರಬೇಕು. ಒಂದು ನಿಯಮ: ಜನರನ್ನು ಹಿಂಡುವ ಆ ಕಾನೂನು ಹುಟ್ಟಿದ್ದು ಯಾವುದೋ ಒಳ್ಳೆಯ ಕಾರಣಕ್ಕೇ ಆಗಿರಬೇಕು. ಇನ್ನೊಂದು ಮೈಯ ಲೆಕ್ಕ: ಬಾಯಾರಿಕೆ, ಹಸಿವು, ದಾರಿ, ಹೊರುವ ಭಾರ ಎಲ್ಲವೂ ನಿಜಕ್ಕೆ ಹೊಂದಬೇಕು. ಇವೆರಡೂ ಒಂದನ್ನೊಂದು ಮುಟ್ಟುವ ಜಾಗದಲ್ಲೇ ಕಥೆ ಹುಟ್ಟುತ್ತದೆ. ಎತ್ತರದ ಗೋಡೆ, ಸೈರನ್, ಡ್ರೋನ್ ಎಲ್ಲ ಆಮೇಲಿನ ಮಾತು.

ಸುಮ್ನೆ ಸಲಹೆ ಹೇಳುತ್ತಾ ಹೋಗುವ ಬದಲು ಒಂದು ಕಾದಂಬರಿಯನ್ನೇ ಇಲ್ಲಿ ಕಟ್ಟುತ್ತಾ ಹೋಗೋಣ. ಜಾಗ ಕೋಲಾರ. ವಿಷಯ ನೀರು.

ಹಂತ 1: ಈಗಾಗಲೇ ಇರುವ ಕೊರತೆಯನ್ನು ಹಿಡಿಯಿರಿ

ಕೆಟ್ಟ ಕಾಲವನ್ನು ಪೂರ್ತಿ ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದರ ಬೀಜ ನಿಮ್ಮ ಜಿಲ್ಲೆಯಲ್ಲೇ ಇರುತ್ತದೆ. ಅದನ್ನು ಒಂದೇ ಒಂದು ಹೆಜ್ಜೆ ಮುಂದೆ ತಳ್ಳಿ, ಸಾಕು.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಸಾವಿರಾರು ಕೆರೆ ಕಟ್ಟಿ ಮಳೆ ನೀರನ್ನು ಹಿಡಿದಿಟ್ಟುಕೊಂಡು ಬದುಕಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಆಮೇಲೆ ಕೊಳವೆಬಾವಿ ಬಂತು. ಈಗ ಸಾವಿರ ಅಡಿ ದಾಟಿ ಕೊರೆಯುತ್ತಾರೆ. ಎಷ್ಟೋ ಕಡೆ ಸಿಗುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ಅಲ್ಲಿನ ಜನ ಕೇಳುತ್ತಲೇ ಇದ್ದಾರೆ.

ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಕೆಜಿಎಫ್. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು. 3 ಕಿ.ಮೀ. ಆಳಕ್ಕೂ ಮೀರಿ ಇಳಿದ ಗಣಿ 2001ರಲ್ಲಿ ಮುಚ್ಚಿತು. ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಚಿನ್ನ ತೆಗೆದು ಉಳಿದ ಪುಡಿಯ ದಿಬ್ಬಗಳನ್ನು ಊರಿನವರು ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಎದ್ದರೆ ಆ ಪುಡಿ ಮನೆಗಳ ಮೇಲೆ ಬೀಳುತ್ತದೆ.

ಇಷ್ಟೂ ನಿಜ. ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಸತತ ಆರು ವರ್ಷ ಮಳೆ ಕೈಕೊಟ್ಟು, ಬೆಂಗಳೂರಿನಿಂದ ಬರುವ ನೀರೂ ನಿಂತು, ಗಣಿಯೊಳಗಿನ ನೀರೊಂದೇ ಗತಿಯಾದರೆ? ನಮ್ಮ ಕಾದಂಬರಿಯ ಲೋಕ ಈ ಪ್ರಶ್ನೆಯಲ್ಲೇ ಇದೆ. ನಿಮ್ಮದು ಕರಾವಳಿಯಾದರೆ ಕಡಲ್ಕೊರೆತ ಹಿಡಿಯಿರಿ. ಕೊಡಗಾದರೆ ಜಾರುವ ಗುಡ್ಡ. ಆದರೆ ಒಂದೇ ಕೊರತೆ ಹಿಡಿಯಿರಿ. ರೋಗ, ಯುದ್ಧ, ಬರ ಮೂರನ್ನೂ ಒಟ್ಟಿಗೆ ತಂದರೆ ಓದುವ ಹುಡುಗಿಗೆ ಯಾವುದಕ್ಕೆ ಹೆದರಬೇಕು ಅಂತ ತಿಳಿಯುವುದಿಲ್ಲ.

ಹಂತ 2: ನಿಯಮವನ್ನು ನೋಟಿಸಿನ ಭಾಷೆಯಲ್ಲೇ ಬರೆಯಿರಿ

ಕಥೆ ಶುರುಮಾಡುವ ಮೊದಲು ಆ ಲೋಕದ ಕಾನೂನನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಂಚಾಯಿತಿ ಗೋಡೆಗೆ ಅಂಟಿಸುವ ಹಾಗೆ ಇರಲಿ.

ಅಂಕಿಗಳನ್ನು ಗಾಳಿಯಲ್ಲಿ ಹಿಡಿಯಬೇಡಿ. ನಮ್ಮಲ್ಲಿ ನಗರದವರಿಗೆ ದಿನಕ್ಕೆ ತಲಾ 135 ಲೀಟರ್ ನೀರು ಕೊಡಬೇಕು ಅನ್ನುವುದು ಯೋಜನೆಯ ಲೆಕ್ಕ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯವರಿಗೆ ಇಟ್ಟುಕೊಂಡ ಗುರಿ 55 ಲೀಟರ್. ನಿರಾಶ್ರಿತರ ಶಿಬಿರದಂಥ ಕಡೆ ಎಲ್ಲ ಬಳಕೆಗೂ ಸೇರಿ ಕನಿಷ್ಠ 15 ಲೀಟರ್ ಬೇಕು ಅನ್ನುವುದು ಅಂತರರಾಷ್ಟ್ರೀಯ ಅಳತೆ. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾದಂಬರಿಗೆ ಬೇಕಾದ ಸಿಟ್ಟು ಅಲ್ಲೇ ಸಿಗುತ್ತದೆ.

ನಮ್ಮ ಕಾದಂಬರಿಯ ನೋಟಿಸು ಹೀಗಿರಲಿ:

ಒಬ್ಬರಿಗೆ ದಿನಕ್ಕೆ 15 ಲೀಟರ್, ಚೀಟಿ ತೋರಿಸಿದವರಿಗೆ ಮಾತ್ರ. 16 ತುಂಬಿದ ದಿನ ಮಕ್ಕಳ ಚೀಟಿ ರದ್ದು. ದೊಡ್ಡವರ ಚೀಟಿ ಬೇಕಾದರೆ ಗಣಿಯಲ್ಲಿ ನೀರೆತ್ತುವ ಕೆಲಸಕ್ಕೆ ಎರಡು ವರ್ಷ ಹೋಗಬೇಕು. ತನ್ನ ಪಾಲಿನ ನೀರನ್ನು ಬೇರೆಯವರಿಗೆ ಮಾರಿದರೆ, ಸಾಲ ಕೊಟ್ಟರೆ, ಸುಮ್ನೆ ಕೊಟ್ಟರೂ ಇಡೀ ಮನೆಯ ಚೀಟಿ ರದ್ದು.

ಈಗ ಒಂದೊಂದು ಸಾಲಿಗೂ ಒಳ್ಳೆಯ ಕಾರಣ ಬರೆಯಿರಿ. ಇದು ತುಂಬಾ ಮುಖ್ಯ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಆದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಅದರಲ್ಲಿ ತಪ್ಪೇನೂ ಇರಲಿಲ್ಲ, ಅಲ್ವಾ? ಹಾಗೆಯೇ ನಮ್ಮ ಕೊನೆಯ ನಿಯಮ. ಬರದ ಮೊದಲ ವರ್ಷಗಳಲ್ಲಿ ಬಡವರು ದುಡ್ಡಿಗಾಗಿ ತಮ್ಮ ಪಾಲಿನ ನೀರನ್ನು ಮಾರಿಕೊಂಡರು. ಅವರ ಮಕ್ಕಳು ಸತ್ತರು. ಅದನ್ನು ತಡೆಯಲು ಒಬ್ಬಳು ಒಳ್ಳೆಯ ಅಧಿಕಾರಿ ಈ ನಿಯಮ ತಂದಳು. ಮೊದಲ ವರ್ಷ ಜನ ಅವಳಿಗೆ ಹಾರ ಹಾಕಿದರು. ಹತ್ತು ವರ್ಷ ಕಳೆದ ಮೇಲೆ ಅದೇ ನಿಯಮ ಏನಾಗಿದೆ ನೋಡಿ. ಬೇಸಿಗೆ ಬಂದರೆ ದಾರಿಹೋಕರಿಗೆ ಅರವಟ್ಟಿಗೆ ಇಡುತ್ತಿದ್ದ ನಾಡಿನಲ್ಲಿ ಬಾಯಾರಿದವನಿಗೆ ನೀರು ಕೊಡುವುದೇ ಅಪರಾಧ.

ಈ ಒಂದು ಸಾಲು ಸಿಕ್ಕರೆ ಕಾದಂಬರಿ ಅರ್ಧ ಬರೆದ ಹಾಗೆ. ನಿಮ್ಮ ಕಥೆಯಲ್ಲೂ ಅಂಥದ್ದನ್ನು ಹುಡುಕಿ: ನಮ್ಮ ಜನ ಪುಣ್ಯದ ಕೆಲಸ ಅಂದುಕೊಂಡಿದ್ದು ಯಾವುದು? ನಿಮ್ಮ ಲೋಕದಲ್ಲಿ ಅದು ಅಪರಾಧವಾಗಿದೆಯಾ?

ರಾಕ್ಷಸನಂಥ ಸರ್ವಾಧಿಕಾರಿ ಬೇಡ. ಚೀಟಿ ಕೊಡುವ ಗುಮಾಸ್ತ, ಲಾರಿ ಓಡಿಸುವವನು, ಪಟ್ಟಿ ಬರೆಯುವ ಮೇಷ್ಟ್ರು ಇವರೆಲ್ಲ ತಮ್ಮ ಮನೆಗೆ ನೀರು ಬೇಕು ಅಂತ ಮಾಡುವ ಕೆಲಸದಿಂದಲೇ ವ್ಯವಸ್ಥೆ ನಡೆಯುತ್ತದೆ. ಹದಿನಾಲ್ಕರ ಹುಡುಗ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ. ಅವನು ದಿನವೂ ಶಾಲೆಯಲ್ಲಿ ನಿಯಮಗಳ ನಡುವೆಯೇ ಇರುವವನು.

ಹಂತ 3: ಹಳೆಯ ಗೆರೆಗಳನ್ನು ಅಳಿಸಬೇಡಿ

ಮುಂದಿನ ಕಾಲದ ಕಥೆ ಬರೆಯುವಾಗ ಅನೇಕರು ಜಾತಿಯನ್ನು ಬಿಟ್ಟುಬಿಡುತ್ತಾರೆ. ಎಲ್ಲರೂ ಸಮಾನವಾಗಿ ಕಷ್ಟಪಡುತ್ತಿದ್ದಾರೆ ಅನ್ನುವ ಹಾಗೆ ಬರೆಯುತ್ತಾರೆ. ನೀರಿನ ವಿಷಯದಲ್ಲಂತೂ ಇದು ಸುಳ್ಳು. ಯಾರು ಯಾವ ಬಾವಿಯಿಂದ ನೀರು ಸೇದಬಹುದು ಅನ್ನುವುದನ್ನು ಈ ದೇಶದಲ್ಲಿ ಜಾತಿಯೇ ತೀರ್ಮಾನಿಸುತ್ತಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಗೆ ಹೋಗಿ ನೀರು ಕುಡಿದರು. ಒಂದು ಬೊಗಸೆ ನೀರಿಗಾಗಿ ಚಳವಳಿಯನ್ನೇ ಮಾಡಬೇಕಾಯಿತು. ಕೊರತೆ ಬಂದಾಗ ಹಳೆಯ ಗೆರೆ ಮಾಯವಾಗುವುದಿಲ್ಲ. ಇನ್ನೂ ದಪ್ಪವಾಗುತ್ತದೆ.

ಹಾಗಾಗಿ ನಿಮ್ಮ ಊರಿನ ನಕ್ಷೆ ಬರೆಯುವಾಗ ಕೇಳಿಕೊಳ್ಳಿ. ನಲ್ಲಿ ಎಲ್ಲಿದೆ? ಯಾವ ಕೇರಿಗೆ ಹತ್ತಿರ? ನೀರು ನಿಲ್ಲುವ ಮೊದಲು ಕೊನೆಯ ಬಿಂದಿಗೆ ಯಾರದ್ದು? ಚೀಟಿಯೇ ಇಲ್ಲದ ಮನೆಗಳು ಯಾರವು? ಪಟ್ಟಿಯಿಂದ ಅವರ ಹೆಸರು ಹೇಗೆ ಬಿಟ್ಟುಹೋಯಿತು? ನೀರು ಹೊರುವವರು ಯಾರು? ಬಹುಪಾಲು ಹೆಣ್ಣುಮಕ್ಕಳೇ. ಇದನ್ನು ಪಾತ್ರದ ಬಾಯಲ್ಲಿ ಭಾಷಣ ಮಾಡಿಸಬೇಡಿ. ಸಾಲಿನಲ್ಲಿ ನಿಂತವರ ಕ್ರಮ ಬರೆದರೆ ಸಾಕು, ಓದುಗರಿಗೆ ಗೊತ್ತಾಗುತ್ತದೆ. ಆದರೆ ಒಂದು ಕೆಲಸ ಮಾತ್ರ ಮಾಡಬೇಡಿ. ಅನ್ಯಾಯಕ್ಕೆ ಒಳಗಾದ ಪಾತ್ರವನ್ನು ಬರೀ ನಾಯಕಿಯ ಕಣ್ಣು ತೆರೆಸಲು ತಂದು ಕೊಂದುಬಿಡಬೇಡಿ. ಆ ಪಾತ್ರಕ್ಕೂ ಆಸೆ, ಜಾಣತನ, ಹಟ, ಕಥೆಯ ಕೊನೆಯ ಪುಟದವರೆಗೆ ಆಯುಸ್ಸು ಇರಲಿ.

ಹಂತ 4: ಕೈಯಲ್ಲಿ ಕೆಲಸ ಇರುವ ನಾಯಕಿ

ನಮ್ಮ ನಾಯಕಿ ರೂಪ. ನರಸಾಪುರದ ಹತ್ತಿರದ ಒಂದು ಹಳ್ಳಿಯವಳು. ಹದಿನಾರಕ್ಕೆ ಇನ್ನು ಒಂದು ತಿಂಗಳು. ಅವಳ ಅಣ್ಣ ಎರಡು ವರ್ಷಕ್ಕೆ ಅಂತ ಗಣಿಗೆ ಹೋದವನು ನಾಲ್ಕು ವರ್ಷವಾದರೂ ಬಂದಿಲ್ಲ. ತನ್ನ ಸರದಿ ಬರುವ ಮೊದಲು ಅವನನ್ನು ಹುಡುಕಬೇಕು. ಇಷ್ಟೇ ಅವಳ ಗುರಿ. ಲೋಕ ಉದ್ಧಾರ ಅವಳ ತಲೆಯಲ್ಲಿಲ್ಲ.

ಅವಳು ಯಾವ ಭವಿಷ್ಯವಾಣಿಯಲ್ಲೂ ಬರೆದಿಟ್ಟ ಹುಡುಗಿ ಆಗಿರಬಾರದು. ಬಿಲ್ವಿದ್ಯೆಯಲ್ಲಿ ನಿಪುಣೆ ಆಗಬೇಕಾಗಿಯೂ ಇಲ್ಲ. ಅವಳಿಗೆ ಒಂದು ಕೆಲಸ ಗೊತ್ತಿರಲಿ, ಅದು ಅವಳ ಮನೆಯಿಂದ ಬಂದಿರಲಿ. ರೂಪಳ ತಾತ ನೀರುಗಂಟಿಯಾಗಿದ್ದವರು. ಏರಿ ಮೇಲೆ ನಿಂತು ನೆಲ ನೋಡಿದರೆ ನೀರು ಯಾವ ಕಡೆ ಹೋಗುತ್ತದೆ, ತೂಬು ಎಲ್ಲಿರುತ್ತದೆ, ಕೋಡಿ ಎಲ್ಲಿ ಬೀಳುತ್ತದೆ ಅಂತ ಅವಳಿಗೆ ಗೊತ್ತು. ಜೊತೆಗೆ ಹನ್ನೆರಡು ವರ್ಷದ ಮುನಿ. ಚೀಟಿ ಇಲ್ಲದ ಮನೆಯವನು. ಮೇಕೆ ಮೇಯಿಸಿ ಗುಡ್ಡದ ದಾರಿಗಳೆಲ್ಲ ಅವನಿಗೆ ಬಾಯಿಪಾಠ. ಅವಳಿಗೆ ನೀರಿನ ಜ್ಞಾನ, ಅವನಿಗೆ ದಾರಿಯ ಜ್ಞಾನ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ಹೋಗಲಾರರು. ಈ ಜೋಡಿ ಸರಿಯಾಗಿ ಕೂತರೆ ಅವರ ಜಗಳ, ಸ್ನೇಹ ಎರಡೂ ತಾನಾಗಿ ಬರುತ್ತವೆ.

ಎಲ್ಲ ಅಪ್ಪ ಅಮ್ಮಂದಿರನ್ನೂ ಮೊದಲ ಅಧ್ಯಾಯದಲ್ಲೇ ಸಾಯಿಸುವ ಚಾಳಿ ಬಿಡಿ. ಬದುಕಿರುವ ಅಮ್ಮ ಜಾಸ್ತಿ ಕಷ್ಟ ತರುತ್ತಾಳೆ. ಮಗಳು ಓಡಿಹೋದರೆ ಅಮ್ಮನ ಚೀಟಿಯೂ ಹೋಗುತ್ತದೆ. ರೂಪ ಹೊರಡುವ ರಾತ್ರಿ ಈ ಭಾರ ಅವಳ ಎದೆಯ ಮೇಲಿರಬೇಕು.

ಹಂತ 5: ದಾರಿಯ ಲೆಕ್ಕ ಹಾಕಿ

ಈ ಹಂತವನ್ನು ಬಿಟ್ಟುಬಿಡಬೇಡಿ. ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಇದೇ ಮುಖ್ಯ.

ನರಸಾಪುರದ ಕಡೆಯಿಂದ ಕೋಲಾರ ದಾಟಿ ಕೆಜಿಎಫ್‌ಗೆ ರಸ್ತೆಯಲ್ಲಿ ಸುಮಾರು 45 ಕಿ.ಮೀ. ಹೆದ್ದಾರಿಯಲ್ಲಿ ಕಾವಲಿದೆ. ಸುತ್ತಿ ಹೋಗಬೇಕು, 60 ಅಂದುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ನಡೆಯಲಾಗದು, ರಾತ್ರಿ ನಡೆಯಬೇಕು. ಕಲ್ಲು ಮುಳ್ಳಿನ ನೆಲದಲ್ಲಿ, ಕತ್ತಲಲ್ಲಿ, ಹೆಗಲ ಮೇಲೆ ಭಾರ ಇಟ್ಟುಕೊಂಡು ಒಂದು ರಾತ್ರಿಗೆ 15 ಕಿ.ಮೀ. ನಡೆದರೆ ಹೆಚ್ಚು. ಅಂದರೆ ನಾಲ್ಕು ರಾತ್ರಿ.

ಈಗ ನೀರು. ಆ ಸೆಕೆಯಲ್ಲಿ ನಡೆಯುವವರಿಗೆ ಕುಡಿಯಲು ದಿನಕ್ಕೆ ಕನಿಷ್ಠ 3 ಲೀಟರ್ ಬೇಕು. ಇಬ್ಬರಿಗೆ 6. ನಾಲ್ಕು ದಿನಕ್ಕೆ 24 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. 24 ಕಿಲೋ ಹೊತ್ತುಕೊಂಡು ಹೋಗುವುದು ಈ ಇಬ್ಬರಿಂದ ಆಗದ ಮಾತು. ಅದೂ ಅಲ್ಲದೆ ಆ 24 ಲೀಟರ್ ಅವರಿಗೆ ಸಿಗುವುದಾದರೂ ಎಲ್ಲಿಂದ?

ಈಗ ನೋಡಿ, ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರು ಎಂಟು ಲೀಟರ್ ಮಾತ್ರ ಒಯ್ಯುತ್ತಾರೆ. ಎರಡನೇ ರಾತ್ರಿ ಮುಗಿಯುವ ಹೊತ್ತಿಗೆ ಅದು ಖಾಲಿ. ಮುಂದಕ್ಕೆ ಬದುಕಬೇಕಾದರೆ ಯಾರಾದರೂ ನೀರು ಕೊಡಲೇಬೇಕು. ಕೊಟ್ಟವರ ಇಡೀ ಮನೆಯ ಚೀಟಿ ರದ್ದಾಗುತ್ತದೆ. ಆಗ ಮುನಿ ಒಂದು ಗುಟ್ಟು ಹೇಳುತ್ತಾನೆ. ಬೇಲಿಯ ಬುಡದಲ್ಲಿ, ಪಾಳು ಗುಡಿಯ ಹಿಂದೆ, ಬಳ್ಳಾರಿ ಜಾಲಿ ಬೆಳೆದ ಒಣ ಕೆರೆಯ ಅಂಗಳದಲ್ಲಿ ಯಾರೋ ಮಡಕೆಗಳನ್ನು ಹೂತಿಟ್ಟಿದ್ದಾರೆ. ಕದ್ದುಮುಚ್ಚಿ ನಡೆಯುವ ಅರವಟ್ಟಿಗೆಗಳು. ಯಾರು ಇಟ್ಟರು, ಯಾರಿಗಾಗಿ ಇಟ್ಟರು ಯಾರಿಗೂ ಗೊತ್ತಿಲ್ಲ. ಕುಡಿದವರು ಮುಂದಿನವರಿಗೆ ಉಳಿಸಿ ಹೋಗಬೇಕು ಅನ್ನುವುದೊಂದೇ ಕಟ್ಟಳೆ. ಬರೀ ಕೂಡುವ ಗುಣಿಸುವ ಲೆಕ್ಕ ಮಾಡಿದ್ದಕ್ಕೆ ನಮಗೆ ಪ್ರತಿರೋಧದ ಒಂದು ಜಾಲವೇ ಸಿಕ್ಕಿತು. ಬಂದೂಕು ಬೇಕಾಗಲಿಲ್ಲ. ಯಾರ ಮಡಕೆಯ ನೀರನ್ನು ಯಾರು ಕುಡಿಯುತ್ತಾರೆ ಅನ್ನುವ ಹಳೆಯ ಪ್ರಶ್ನೆಯೂ ಇಲ್ಲೇ ಎದುರಾಗುತ್ತದೆ.

ಬೆಳದಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆಗೆ ಹೊರಟರೆ ನಾಲ್ಕನೇ ರಾತ್ರಿ ಸೂರ್ಯ ಮುಳುಗಿ ಸುಮಾರು ಎರಡೂವರೆ ಗಂಟೆಯ ಮೇಲೆ ಚಂದ್ರ ಹುಟ್ಟುತ್ತಾನೆ. ಸಂಜೆಯ ಬೆಳಕು ಆರಿದ ಮೇಲೆ ಅಲ್ಲಿಯವರೆಗೆ ಕಗ್ಗತ್ತಲು. ಕಾವಲು ದಾಟುವ ದೃಶ್ಯವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಕತ್ತಲು ಕಥೆಗಾರನ ಅನುಕೂಲಕ್ಕೆ ಬಂದಂತೆ ಕಾಣುವುದಿಲ್ಲ.

ದಾರಿಯಲ್ಲಿ ನಿಜವಾದ ಜಾಗಗಳನ್ನು ಬಳಸಿ. ಕೋಲಾರದ ಪಕ್ಕದ ಬೆಟ್ಟದಲ್ಲಿ ಅಂತರಗಂಗೆ ಇದೆ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ನಮ್ಮ ಲೋಕದಲ್ಲಿ ಅಂಥ ಜಾಗಕ್ಕೆ ಕಾವಲು ಇಲ್ಲದೆ ಇರುತ್ತದೆಯೇ? ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಒಂದು ಕಾಲದಲ್ಲಿ ಕೆಜಿಎಫ್‌ಗೆ ನೀರು ಹೋಗುತ್ತಿತ್ತು. ಆ ಹಳೆಯ ಪೈಪುಗಳ ಜಾಡು ಹಿಡಿದು ಹೋಗುವ ಅಧ್ಯಾಯ ಒಂದಿರಲಿ. ಸಾಧ್ಯವಾದರೆ ಒಮ್ಮೆ ಆ ದಾರಿಯಲ್ಲಿ ಸ್ವಲ್ಪ ದೂರ ನಡೆದು ಬನ್ನಿ.

ಹಂತ 6: ಬದುಕುಳಿಯುವ ವಿವರಗಳು ನಿಜವಾಗಿರಲಿ

ಈ ವಯಸ್ಸಿನವರು ಓದಿದ್ದನ್ನು ಮಾಡಿ ನೋಡುತ್ತಾರೆ. ಹಾಗಾಗಿ ಸಿನಿಮಾದಲ್ಲಿ ನೋಡಿದ್ದನ್ನು ಬರೆಯಬೇಡಿ.

ನೀರಿಲ್ಲದೆ ಮನುಷ್ಯ ಸುಮಾರು ಮೂರು ದಿನ ಬದುಕಬಹುದು. ಬಿಸಿಲಿನಲ್ಲಿ ನಡೆದರೆ ಅಷ್ಟೂ ಇಲ್ಲ. ಬಾಯಾರಿಕೆಯನ್ನು ಹಂತಹಂತವಾಗಿ ಬರೆಯಿರಿ. ಮೊದಲು ತುಟಿ ಒಣಗುತ್ತದೆ, ಮೂತ್ರ ಕಡುಹಳದಿಯಾಗುತ್ತದೆ, ತಲೆ ನೋಯುತ್ತದೆ. ಸಿಡುಕು ಬರುತ್ತದೆ. ಆಮೇಲೆ ಎದ್ದರೆ ತಲೆ ಸುತ್ತುತ್ತದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಕೊನೆಗೆ ಮಾತು ತಡವರಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ಮರೆಯುತ್ತದೆ. ರೂಪ, ಮುನಿ ದೊಡ್ಡ ಜಗಳ ಆಡುವುದು ಆ ಸಿಡುಕಿನ ಹೊತ್ತಿಗೆ ಇರಲಿ. ಯಾಕೆ ಇಷ್ಟು ಸಿಟ್ಟು ಬಂತು ಅಂತ ಅವರಿಗೇ ತಿಳಿಯುವುದಿಲ್ಲ. ಓದುಗರಿಗೆ ತಿಳಿಯುತ್ತದೆ.

ಒಂದೊಂದೇ ಗುಟುಕು ಕುಡಿದು ನೀರು ಉಳಿಸುವುದು ಕಥೆಗಳಲ್ಲಿ ಬಹಳ ಬರುತ್ತದೆ. ನಿಜದಲ್ಲಿ ಬಾಯಾರಿದಾಗ ಕುಡಿಯಬೇಕು. ಉಳಿಸಬೇಕಾದ್ದು ಬೆವರು. ಹಗಲು ನೆರಳಿನಲ್ಲಿ ಮಲಗಬೇಕು, ತಲೆ ಮೈ ಮುಚ್ಚಿಕೊಳ್ಳಬೇಕು, ಮಾತು ಕಡಿಮೆ ಮಾಡಬೇಕು.

ಕೆರೆ ನೀರು ಸಿಕ್ಕರೆ? ಚೆನ್ನಾಗಿ ಕೊತಕೊತ ಅನ್ನುವಂತೆ ಒಂದು ನಿಮಿಷ ಕುದಿಸಿದರೆ ರೋಗಾಣು ಸಾಯುತ್ತವೆ. ಬೆಂಕಿ ಹಚ್ಚಿದರೆ ಹೊಗೆ ಕಾವಲಿನವರಿಗೆ ಕಾಣುತ್ತದೆ ಅನ್ನಿ. ಆಗ ತಿಳಿ ನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಆರು ಗಂಟೆ ಕಡು ಬಿಸಿಲಿನಲ್ಲಿ ಮಲಗಿಸಿ ಇಡಬಹುದು. ಮೋಡ ಇದ್ದರೆ ಎರಡು ದಿನ ಬೇಕು. ನೀರು ಬಗ್ಗಡವಾಗಿದ್ದರೆ ಮೊದಲು ಸೋಸಬೇಕು. ಹಳೆಯ ಹತ್ತಿ ಸೀರೆಯನ್ನು ಮಡಿಸಿ ಸೋಸುವುದನ್ನು ನಮ್ಮ ಅಜ್ಜಿಯರೂ ಮಾಡುತ್ತಿದ್ದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಾಗೆ ಸೋಸಿದಾಗ ಕಾಲರಾ ಅರ್ಧದಷ್ಟು ಕಡಿಮೆಯಾಗಿದ್ದನ್ನು ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಅಮ್ಮನ ಹಳೆ ಸೀರೆಯನ್ನು ರೂಪಳ ಚೀಲಕ್ಕೆ ಹಾಕಿ. ಅದು ನೆನಪಿನ ವಸ್ತುವೂ ಹೌದು, ಜೀವ ಉಳಿಸುವ ಸಾಧನವೂ ಹೌದು.

ಇನ್ನೊಂದು ವಿಷಯ ಕಥೆಯನ್ನೇ ತಿರುಗಿಸಬಲ್ಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ತೀರಾ ಜಾಸ್ತಿಯಾದರೆ ಮೂಳೆಯೂ ಬಾಗುತ್ತದೆ. ಗಣಿಯ ನೀರಿನ ಗುಟ್ಟು ಇಂಥದ್ದೇ ಆಗಿರಲಿ: ಆಡಳಿತ ಕುದಿಸಿ ಹಂಚುತ್ತದೆ, ಶುದ್ಧ ಅಂತ ಬೋರ್ಡು ಹಾಕುತ್ತದೆ. ಏನು ಹೋಗಿಲ್ಲ ಅನ್ನುವುದು ಅಣ್ಣನಿಗೆ ಗೊತ್ತಾಗಿದೆ.

ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ ಕಟ್ಟಿಕೊಡಿ. ಹಗುರ, ಕೆಡುವುದಿಲ್ಲ, ಒಲೆ ಬೇಡ. ಆದರೆ ಕಲೆಸಲು ನೀರು ಬೇಕು ಅನ್ನುವುದು ನೆನಪಿರಲಿ. ಪಾಪಾಸುಕಳ್ಳಿ ಹಣ್ಣು ತಿನ್ನಬಹುದು, ಮೊದಲು ಸಣ್ಣ ಮುಳ್ಳುಗಳನ್ನು ಉಜ್ಜಿ ತೆಗೆಯಬೇಕು. ಹೆಸರು ಗೊತ್ತಿಲ್ಲದ ಸೊಪ್ಪು, ಕಾಯಿ ತಿನ್ನಿಸಬೇಡಿ. ಬೇಧಿಯಾದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟಸ ಚಹಾ ಚಮಚ ಉಪ್ಪು ಕಲಸಿ ಕುಡಿಸಬೇಕು.

ಹಾವು ಕಚ್ಚಿದರೆ ಕೊಯ್ದು ರಕ್ತ ಹೀರುವ ದೃಶ್ಯ ದಯವಿಟ್ಟು ಬೇಡ. ಬಿಗಿಯಾಗಿ ಕಟ್ಟುವುದೂ ಬೇಡ. ಕಚ್ಚಿದ ಭಾಗ ಅಲ್ಲಾಡಿಸದೆ ಬೇಗ ಆಸ್ಪತ್ರೆಗೆ ಸೇರಿಸುವುದೊಂದೇ ದಾರಿ, ಔಷಧಿ ಇರುವುದು ಅಲ್ಲೇ. ಆಸ್ಪತ್ರೆಗೆ ಹೋದರೆ ಸಿಕ್ಕಿಬೀಳುತ್ತಾರೆ. ಹೋಗದಿದ್ದರೆ ಮುನಿ ಉಳಿಯುವುದಿಲ್ಲ. ಈ ಆಯ್ಕೆಯನ್ನು ರೂಪಳ ಕೈಗೆ ಕೊಡಿ.

ಹಂತ 7: ಅಧ್ಯಾಯಗಳನ್ನು ಜೋಡಿಸಿ

ಸುಮಾರು 40,000 ಪದ ಸಾಕು. 20 ಅಧ್ಯಾಯ, ಒಂದೊಂದು 2,000 ಪದ. ಮೊದಲ ನಾಲ್ಕರಲ್ಲಿ ಊರು ಮತ್ತು ನಿಯಮ. ಮುಂದಿನ ಹತ್ತರಲ್ಲಿ ದಾರಿ. ಉಳಿದ ಆರು ಗಣಿಯಲ್ಲಿ. ಪ್ರತಿ ಅಧ್ಯಾಯಕ್ಕೆ ಮೊದಲು ನಿಮ್ಮ ಟಿಪ್ಪಣಿಯಲ್ಲಿ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಎಷ್ಟು ನೀರು ಉಳಿದಿದೆ, ಎಷ್ಟು ದೂರ ಉಳಿದಿದೆ. ಆ ಅಂಕಿಗಳು ಬದಲಾಗದ ಅಧ್ಯಾಯದಲ್ಲಿ ಪಾತ್ರಗಳ ನಡುವೆಯಾದರೂ ಏನೋ ಬದಲಾಗಿರಬೇಕು. ಎರಡೂ ಇಲ್ಲದಿದ್ದರೆ ಆ ಅಧ್ಯಾಯ ತೆಗೆಯಿರಿ.

ಶುರುವಿನಲ್ಲೇ ಇತಿಹಾಸದ ಪಾಠ ಬೇಡ. ನಿಯಮ ಒಂದು ದೃಶ್ಯದಲ್ಲಿ ಕಾಣಲಿ (ಇಲ್ಲಿ ಗಂಟಿ ಅಂದರೆ ನೀರಿನ ಕಾವಲಿನವನು):

"ಚೀಟಿ ಕೊಡಮ್ಮ."

ಅಮ್ಮ ಕೊಟ್ಟಳು. ಗಂಟಿ ತಿರುಗಿಸಿ ನೋಡಿದ. "ಮಗಳಿಗೆ ಹದಿನಾರು ಯಾವಾಗ?"

"ಇನ್ನೂ ಟೈಮಿದೆ ಸ್ವಾಮಿ."

"ಬರೋ ತಿಂಗಳು ಒಂಬತ್ತು," ಅಂದ. ಚೀಟಿಯಲ್ಲೇ ಇತ್ತು. ಅವನು ಕೇಳಿದ್ದು ಗೊತ್ತಿಲ್ಲದೆ ಅಲ್ಲ.

ಇಷ್ಟರಲ್ಲೇ ಚೀಟಿ, ವಯಸ್ಸು, ಭಯ, ಯಾರ ಕೈ ಮೇಲೆ ಅನ್ನುವುದು ಎಲ್ಲ ಬಂತು.

ಹಂತ 8: ಭಾಷೆ

ಇಂಗ್ಲಿಷಿನ ಇಂಥ ಕಾದಂಬರಿಗಳಲ್ಲಿ ಬಹಳಷ್ಟು "ನಾನು" ಎಂದು, ವರ್ತಮಾನ ಕಾಲದಲ್ಲಿ ನಡೆಯುತ್ತವೆ. ಅದನ್ನೇ ಕನ್ನಡಕ್ಕೆ ತಂದರೆ "ನಾನು ಓಡುತ್ತಿದ್ದೇನೆ, ಎದೆ ಹೊಡೆದುಕೊಳ್ಳುತ್ತಿದೆ, ಅವರು ಹತ್ತಿರ ಬರುತ್ತಿದ್ದಾರೆ" ಅಂತ ಪ್ರತಿ ವಾಕ್ಯವೂ ಉದ್ದವಾಗಿ ಎಳೆಯುತ್ತದೆ. "ಓಡಿದೆ. ಉಸಿರು ಸಿಗಲಿಲ್ಲ. ಹಿಂದೆ ಹೆಜ್ಜೆ ಸದ್ದು." ಇದು ಓಡುತ್ತದೆ. ಭೂತಕಾಲವೇ ಕನ್ನಡದ ಸಾಹಸಕ್ಕೆ ಒಗ್ಗುವುದು.

ಆಡಳಿತ ಬಳಸುವ ಹೆಸರುಗಳು ದೊಡ್ಡದಾಗಿರಲಿ, ಜನ ಬಳಸುವುದು ಚಿಕ್ಕದಾಗಿರಲಿ. ಕಾಗದದಲ್ಲಿ "ಜಲಹಕ್ಕು ಪತ್ರ", ಬಾಯಲ್ಲಿ "ಚೀಟಿ". ಒಂದು ಕಾಲದಲ್ಲಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಹೆಸರನ್ನೇ ಈಗ ಬಂದೂಕು ಹಿಡಿದ ಕಾವಲಿನವನಿಗೆ ಇಟ್ಟಿದ್ದಾರೆ. ರೂಪಳ ತಾತನಿಗೆ ಆ ಹೆಸರು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಯಾರಿಗೆ ಏಕವಚನ, ಯಾರಿಗೆ ಬಹುವಚನ ಅನ್ನುವುದನ್ನು ಎಚ್ಚರದಿಂದ ಬರೆಯಿರಿ. ತಾತನಿಗೆ ಪ್ರೀತಿಯಿಂದ "ನೀನು" ಅನ್ನುವ ರೂಪ ಗಂಟಿಗೆ "ನೀವು" ಅನ್ನಲೇಬೇಕು. ಗಂಟಿ ಮುನಿಯ ಅಪ್ಪನಿಗೂ "ಏನೋ" ಅನ್ನುತ್ತಾನೆ. ಎಲ್ಲಾದರೂ ಒಂದು ಕಡೆ ಅವಳು ಗಂಟಿಗೆ "ನೀನು" ಅಂದುಬಿಡಲಿ. ಇಡೀ ಸಾಲು ತಣ್ಣಗಾಗುತ್ತದೆ. ಜೊತೆಗೆ ಆ ಸೀಮೆಯ ಮಾತನ್ನು ಕೇಳಿಸಿಕೊಳ್ಳಿ. ಕೋಲಾರದ ಹಳ್ಳಿಗಳಲ್ಲಿ ತೆಲುಗು ಬೆರೆಯುತ್ತದೆ. ಕೆಜಿಎಫ್‌ನ ಗಣಿ ಕಾರ್ಮಿಕರ ಮನೆಗಳಲ್ಲಿ ತಮಿಳು ಕೇಳುತ್ತದೆ. ಗಣಿ ಹತ್ತಿರವಾದಂತೆ ಮಾತು ಬದಲಾಗಲಿ.

ಹಂತ 9: ಸಾವು, ಹಿಂಸೆ ಎಷ್ಟು?

ಸಾವನ್ನು ಮುಚ್ಚಿಡಬೇಡಿ. ಈ ವಯಸ್ಸಿನವರಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ಆದರೆ ಗಾಯವನ್ನು ಸವಿದು ಬರೆಯಬೇಡಿ. ಒಬ್ಬರು ಸತ್ತರೆ ಆಮೇಲಿನ ಮೂರು ಅಧ್ಯಾಯಗಳಲ್ಲಿ ಅವರ ಕೊರತೆ ಕಾಣಬೇಕು. ಅವರು ಹೊರುತ್ತಿದ್ದ ಚೀಲ ಈಗ ಯಾರು ಹೊರುತ್ತಾರೆ? ಹತ್ತು ಜನ ಸಾಯುವ ಪುಸ್ತಕಕ್ಕಿಂತ ಒಬ್ಬರ ಸಾವನ್ನು ಸರಿಯಾಗಿ ಹೊತ್ತ ಪುಸ್ತಕ ದೊಡ್ಡದು. ಬದುಕುವುದೇ ಬೇಡ ಅನ್ನಿಸುವ ಗಳಿಗೆ ಪಾತ್ರಕ್ಕೆ ಬಂದರೆ ಆಗ ಅದರ ಜೊತೆ ಇನ್ನೊಬ್ಬರನ್ನು ಕೂರಿಸಿ. ಓದುವ ಮಗು ಒಂಟಿಯಾಗಿ ಆ ಪುಟ ಓದುತ್ತಿರಬಹುದು.

ಹಂತ 10: ಕೊನೆಯನ್ನು ಚಿಕ್ಕದಾಗಿ, ಗಟ್ಟಿಯಾಗಿ ಇಡಿ

ಹದಿನಾರರ ಹುಡುಗಿ ಒಂದು ಆಡಳಿತವನ್ನೇ ಉರುಳಿಸಿದಳು ಅಂದರೆ ಓದುವವರಿಗೇ ನಂಬಿಕೆ ಬರುವುದಿಲ್ಲ. ರೂಪಳಿಗೆ ಅಣ್ಣ ಸಿಗುತ್ತಾನೆ. ಆದರೆ ಅವನೀಗ ಗಂಟಿ. ಸೆರೆಯಲ್ಲೇನೂ ಇಲ್ಲ. ಅವನು ಮನೆಗೆ ಬಾರದೆ ಇದ್ದದ್ದು ತಾನು ಗಂಟಿಯಾಗಿ ಉಳಿದರೆ ಅಮ್ಮನ ಚೀಟಿ ಉಳಿಯುತ್ತದೆ ಅಂತ. ಅವನನ್ನು ಕೆಟ್ಟವನು ಮಾಡಬೇಡಿ. ಅವಳು ಅವನಿಂದ ನೀರಿನ ಗುಟ್ಟು ತಿಳಿದುಕೊಳ್ಳುತ್ತಾಳೆ. ವಾಪಸು ಬರುವಾಗ ಕಾವಲಿನಲ್ಲಿದ್ದ ಒಂದು ಕೆರೆಯ ತೂಬನ್ನು ರಾತ್ರಿ ಎತ್ತುತ್ತಾಳೆ. ತಾತ ಕಲಿಸಿದ ಕೆಲಸ. ಕೆಳಗಿನ ಮೂರು ಹಳ್ಳಿಗೆ ನೀರು ಹೋಗುತ್ತದೆ. ಅದಕ್ಕೆ ಅವಳು ಬೆಲೆ ತೆರಬೇಕಾಗುತ್ತದೆ. ಆ ಬೆಲೆ ಏನು ಅನ್ನುವುದನ್ನು ಬರೆಯುವ ಮೊದಲೇ ನೀವು ನಿರ್ಧರಿಸಿಕೊಂಡಿರಬೇಕು. ಎರಡನೇ ಭಾಗಕ್ಕೆ ಅಂತ ಉತ್ತರವನ್ನು ಬಚ್ಚಿಡಬೇಡಿ. ಮೊದಲ ಪುಸ್ತಕ ತನ್ನಷ್ಟಕ್ಕೆ ಮುಗಿಯಬೇಕು.

ಹಂತ 11: ಓದಿಸಿ, ತಿದ್ದಿ

ಮೊದಲ ಕರಡನ್ನು ದೊಡ್ಡವರಿಗಿಂತ ಮುಂಚೆ ನಾಲ್ಕೈದು ಹದಿಹರೆಯದವರಿಗೆ ಕೊಡಿ. ಕನ್ನಡ ಮಾಧ್ಯಮದವರು, ಇಂಗ್ಲಿಷ್ ಮಾಧ್ಯಮದವರು ಇಬ್ಬರೂ ಇರಲಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಹೂಂ ಅನ್ನುತ್ತಾರೆ. ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟೆ, ಎಲ್ಲಿ ಪುಟ ಹಾರಿಸಿದೆ, ಯಾವ ಮಾತನ್ನು ನಿನ್ನ ವಯಸ್ಸಿನವರು ಆಡುವುದಿಲ್ಲ ಅಂತ ಕೇಳಿ. ಮುನಿಯಂಥ ಮನೆಯಿಂದ ಬಂದ ಓದುಗರೊಬ್ಬರಿಗೂ ಕೊಡಿ, ಅವರು ತಪ್ಪು ಅಂದ ಜಾಗವನ್ನು ವಾದ ಮಾಡದೆ ಮತ್ತೆ ಬರೆಯಿರಿ. ಸಂಭಾಷಣೆಗಳನ್ನು ಜೋರಾಗಿ ಓದಿ ನೋಡಿ. ನಾಲಿಗೆ ತೊಡರಿದ ಕಡೆ ಪುಸ್ತಕದ ಭಾಷೆ ನುಸುಳಿರುತ್ತದೆ.

ಪುಸ್ತಕದ ಮೊದಲಿಗೆ ದಾರಿಯ ನಕ್ಷೆ ಹಾಕಿ. ಕೊನೆಗೆ ಒಂದು ಪುಟದ ಟಿಪ್ಪಣಿ ಇರಲಿ: ಕಥೆಯಲ್ಲಿ ಯಾವ ಕೆರೆ, ಯಾವ ಬೆಟ್ಟ, ಯಾವ ಗಣಿ ನಿಜ, ಯಾವುದು ಕಲ್ಪನೆ. ಸಕ್ಕರೆ ಉಪ್ಪಿನ ನೀರಿನ ಅಳತೆಯನ್ನೂ, ಹಾವು ಕಚ್ಚಿದಾಗ ಏನು ಮಾಡಬೇಕು ಅನ್ನುವುದನ್ನೂ ಅಲ್ಲಿ ಮತ್ತೊಮ್ಮೆ ಸರಿಯಾಗಿ ಬರೆಯಿರಿ. ಆ ಪುಟವನ್ನು ಅಚ್ಚಿಗೆ ಕಳಿಸುವ ಮೊದಲು ಒಬ್ಬ ವೈದ್ಯರಿಗೆ ತೋರಿಸಿ.